23 ಬೇಡ, ಒಂದು ಸಾಕು

ನಮಸ್ಕಾರ.

ನೀವು ಕಳಿಸಿದ ‘ಚಕ್ರದಿಂದ ಚಿಪ್‌ವರೆಗೆ: ಆವಿಷ್ಕಾರಗಳ ಕಥೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀವು ಎದೆ ಹೊಡೆದುಕೊಳ್ಳದೆ ಓದಬಹುದು, ಅದಕ್ಕೇ ಹೇಳಿದೆ.

1,800 ಪದ, 23 ಆವಿಷ್ಕಾರ. ಪೆನ್ಸಿಲ್ ಹಿಡಿದು ಎಣಿಸಿದೆ. ಒಂದೊಂದಕ್ಕೆ 80 ಪದವೂ ಸಿಕ್ಕಿಲ್ಲ. ಹೆಸರು, ದೇಶ, ಇಸವಿ ಹೇಳುತ್ತೀರಿ, ಅಷ್ಟರಲ್ಲಿ ಡಾಕ್ಟರ ಕ್ಲಿನಿಕ್ಕಿನ ಹಾಗೆ ಮುಂದಿನ ಟೋಕನ್ ಕರೆಯುತ್ತೀರಿ. ಯಾರೂ ಕುರ್ಚಿಯಲ್ಲಿ ಕೂರುವುದೇ ಇಲ್ಲ. ‘ಅಗತ್ಯವೇ ಆವಿಷ್ಕಾರದ ತಾಯಿ’ ಎಂಬ ಮಾತು ಮೂರು ಕಡೆ ಬಂದಿದೆ. ಆ ತಾಯಿಗೂ ಸ್ವಲ್ಪ ವಿಶ್ರಾಂತಿ ಬೇಕಲ್ವಾ?

ನಿಮ್ಮ ಹದಿನಾಲ್ಕನೆಯ ಟೋಕನ್ ನೋಡಿ: ‘1796ರಲ್ಲಿ ಜರ್ಮನಿಯ ಸೆನೆಫೆಲ್ಡರ್ ಕಲ್ಲಚ್ಚನ್ನು ಕಂಡುಹಿಡಿದರು. ಇದರಿಂದ ಮುದ್ರಣದಲ್ಲಿ ಕ್ರಾಂತಿಯಾಯಿತು.’ ಅಷ್ಟೇ. ನಾನು ಅಲ್ಲೇ ನಿಂತುಬಿಟ್ಟೆ. ಯಾಕೆಂದರೆ ನಿಮ್ಮ ಲೇಖನದ ಕಥೆ ಇರುವುದೇ ಅಲ್ಲಿ.

ಅಲೋಯಿಸ್ ಸೆನೆಫೆಲ್ಡರ್ ವಿಜ್ಞಾನಿಯಲ್ಲ, ನಾಟಕ ಬರೆಯುವವನು. ಅಪ್ಪ ಮ್ಯೂನಿಕ್‌ನಲ್ಲಿ ನಟ. ಅಪ್ಪ ತೀರಿಕೊಂಡ ಮೇಲೆ ಹುಡುಗ ಕಾನೂನು ಓದುವುದನ್ನು ಬಿಟ್ಟ. ನಾಟಕ ಅಚ್ಚು ಹಾಕಿಸಲು ಕೈಯಲ್ಲಿ ದುಡ್ಡಿಲ್ಲ. ಸರಿ, ನಾನೇ ಅಚ್ಚು ಹಾಕುತ್ತೇನೆ ಎಂದು ಹೊರಟ. ತಾಮ್ರದ ತಗಡಿನ ಮೇಲೆ ಅಕ್ಷರಗಳನ್ನು ತಿರುವುಮುರುವಾಗಿ ಬರೆದು ಆಸಿಡ್ ಹಾಕಿ ನೋಡಿದ. ತಾಮ್ರ ತುಟ್ಟಿ. ಕೈ ಪಳಗಿಸಿಕೊಳ್ಳಲು ಬವೇರಿಯಾದ ನುಣುಪಾದ ಸುಣ್ಣಕಲ್ಲು ತಂದಿಟ್ಟುಕೊಂಡ. ಕಲ್ಲು ಬಂದದ್ದು ಬರೀ ಅಭ್ಯಾಸಕ್ಕೆ, ನಾವು ಸ್ಲೇಟು ಇಟ್ಟುಕೊಂಡ ಹಾಗೆ.

ಒಂದು ದಿನ ಅಗಸಗಿತ್ತಿ ಬಾಗಿಲಲ್ಲಿ ನಿಂತಿದ್ದಾಳೆ. ಬಟ್ಟೆ ಲೆಕ್ಕ ಬರೆದುಕೋ ಎಂದಳು ಅಮ್ಮ. ಕೈಗೆ ಒಂದು ಚೂರು ಕಾಗದವೂ ಸಿಗಲಿಲ್ಲ. ಮೇಣ, ಸಾಬೂನು, ದೀಪದ ಕಾಡಿಗೆ ಸೇರಿಸಿ ತಾನೇ ಮಾಡಿಟ್ಟುಕೊಂಡಿದ್ದ ಮಸಿಯಿಂದ ಲೆಕ್ಕವನ್ನು ಕಲ್ಲಿನ ಮೇಲೇ ಗೀಚಿದ. ಆಮೇಲೆ ಒರೆಸಲು ಹೋದವನಿಗೆ, ಇದರ ಮೇಲೆ ಆಸಿಡ್ ಸುರಿದರೆ ಏನಾದೀತು ಅನ್ನಿಸಿತು. ಸುರಿದ. ಮಸಿ ಇಲ್ಲದ ಕಡೆ ಕಲ್ಲು ಸವೆದು, ಅಕ್ಷರ ತುಸು ಉಬ್ಬಿ ನಿಂತವು.

ಎಲ್ಲರೂ ಕಥೆಯನ್ನು ಇಲ್ಲಿಗೆ ಮುಗಿಸುತ್ತಾರೆ. ನೀವು ಮುಗಿಸಬೇಡಿ. ಅದು ಇನ್ನೂ ಕಲ್ಲಚ್ಚು ಆಗಿರಲಿಲ್ಲ. ಮರದ ಅಚ್ಚಿನ ಹಾಗೆ ಉಬ್ಬಿದ ಅಕ್ಷರ, ಅಷ್ಟೇ. ಅದರಲ್ಲೇ ಆತ ಸಂಗೀತದ ಹಾಳೆಗಳನ್ನು ಅಚ್ಚು ಹಾಕಿದ. ನಿಜವಾದ ಕಲ್ಲಚ್ಚು ಕೈಗೆ ಹತ್ತಿದ್ದು 1798ರಲ್ಲಿ. ಅದರಲ್ಲಿ ಉಬ್ಬೂ ಇಲ್ಲ, ತಗ್ಗೂ ಇಲ್ಲ. ಜಿಡ್ಡಿನ ಮಸಿಯಲ್ಲಿ ಬರೆದು, ಕಲ್ಲಿಗೆ ಗೋಂದಿನ ನೀರು ಸವರಬೇಕು. ಬರೆದ ಕಡೆ ನೀರು ನಿಲ್ಲುವುದಿಲ್ಲ, ಉಳಿದ ಕಡೆ ಕಲ್ಲು ನೀರು ಹೀರಿಕೊಳ್ಳುತ್ತದೆ. ಮೇಲೆ ಜಿಡ್ಡಿನ ಶಾಯಿಯ ರೋಲರ್ ಉರುಳಿಸಿದರೆ ಶಾಯಿ ಬರೆದ ಗೆರೆಗೆ ಮಾತ್ರ ಅಂಟುತ್ತದೆ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎಂಬುದು ಅಡುಗೆಮನೆಯಲ್ಲಿ ನಿಂತ ಎಲ್ಲರಿಗೂ ಗೊತ್ತು. ಅದನ್ನು ಅಚ್ಚಿಗೆ ತಿರುಗಿಸಲು ಅವನಿಗೆ ಮತ್ತೆ ಎರಡು ವರ್ಷ ಹಿಡಿಯಿತು. ನನಗೆ ಬೇಕಾದದ್ದು ಆ ಎರಡು ವರ್ಷ. ನೀವು ಅದನ್ನು ‘ಕಂಡುಹಿಡಿದರು’ ಎಂಬ ಒಂದೇ ಪದದ ಕೆಳಗೆ ಹೂತುಬಿಟ್ಟಿದ್ದೀರಿ.

ಇನ್ನೊಂದು ಮಾತು. ಬಟ್ಟೆ ಲೆಕ್ಕದ ಕಥೆ ನಮಗೆ ಗೊತ್ತಿರುವುದು ಸೆನೆಫೆಲ್ಡರ್ ತಾನೇ ಬರೆದುಕೊಂಡದ್ದರಿಂದ, ಅದೂ 1818ರ ಪುಸ್ತಕದಲ್ಲಿ, 20 ವರ್ಷ ಕಳೆದ ಮೇಲೆ. ‘ಆತನೇ ಹೇಳುವಂತೆ’ ಎಂದು ಎರಡು ಪದ ಸೇರಿಸಿದರೆ ಕಥೆಯ ರುಚಿಯೇನೂ ಕೆಡುವುದಿಲ್ಲ. ಆರ್ಕಿಮಿಡೀಸ್ ವಿಷಯದಲ್ಲಿ ಈ ಎಚ್ಚರ ಇನ್ನೂ ಜಾಸ್ತಿ ಬೇಕಿತ್ತು. ಸ್ನಾನದ ತೊಟ್ಟಿಯಿಂದ ಎದ್ದು ಓಡಿದ್ದನ್ನು ನೀವು ಕಣ್ಣಾರೆ ಕಂಡವರ ಹಾಗೆ ಬರೆದಿದ್ದೀರಿ. ಆ ಕಥೆ ಹೇಳಿದ ರೋಮಿನ ವಾಸ್ತುಶಿಲ್ಪಿ ವಿಟ್ರುವಿಯಸ್ ಬಂದದ್ದೇ ಸುಮಾರು 200 ವರ್ಷ ತಡವಾಗಿ. ಬಲ್ಬನ್ನು ಪೂರ್ತಿ ಎಡಿಸನ್ ಕೈಗೆ ಕೊಟ್ಟಿದ್ದೀರಿ. ಇಂಗ್ಲೆಂಡಿನ ಜೋಸೆಫ್ ಸ್ವಾನ್ 1879ರ ಆರಂಭದಲ್ಲೇ ನ್ಯೂಕ್ಯಾಸಲ್‌ನಲ್ಲಿ ಬಲ್ಬ್ ಉರಿಸಿ ತೋರಿಸಿದ್ದ. ಆಮೇಲೆ ಅಲ್ಲಿ ಇಬ್ಬರೂ ಸೇರಿ ಒಂದೇ ಕಂಪನಿ ಮಾಡಿಕೊಂಡರು. ಇಂಥದ್ದನ್ನು ಓದುಗರು ಹಿಡಿದು ಪತ್ರ ಬರೆಯುತ್ತಾರೆ, ಬೈಸಿಕೊಳ್ಳುವವನು ನಾನು.

ಕನ್ನಡದ ಓದುಗರಿಗೆ ಇದನ್ನೆಲ್ಲ ಯಾಕೆ ಹೇಳಬೇಕು ಎಂಬ ಪ್ರಶ್ನೆಗೆ ನಿಮ್ಮ ಲೇಖನದಲ್ಲಿ ಉತ್ತರವಿಲ್ಲ. ಕಲ್ಲಚ್ಚಿನ ಹತ್ತಿರ ಇದೆ. 1843ರ ಜುಲೈ 1ರಂದು ಜರ್ಮನ್ ಮಿಷನರಿ ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಅಚ್ಚಾದದ್ದು ಕಲ್ಲಿನ ಮೇಲೆ. ನಾವು ಪ್ರತಿ ವರ್ಷ ಪತ್ರಿಕಾ ದಿನ ಮಾಡುವುದು ಅದೇ ತಾರೀಖಿಗೆ. ಲೋಹದ ಅಕ್ಷರಗಳನ್ನು ಜೋಡಿಸುವ ಮೊಳೆ ಅಚ್ಚಾದರೆ ಕಾಗುಣಿತ, ಒತ್ತಕ್ಷರ ಎಲ್ಲಕ್ಕೂ ಬೇರೆ ಬೇರೆ ಮೊಳೆ ಎರಕ ಹೊಯ್ಯಬೇಕು. ಕಲ್ಲಿಗೆ ಆ ಚಿಂತೆಯಿಲ್ಲ, ಕೈ ಬರೆದದ್ದೆಲ್ಲ ಅಚ್ಚಾಗುತ್ತದೆ. ನಾಟಕಕಾರನೊಬ್ಬನ ಬಡತನ ಮಂಗಳೂರಿನ ತನಕ ಬಂದ ದಾರಿ ಇದು. ಇದನ್ನು ಬಿಟ್ಟು ನೀವು ಸುಮ್ನೆ ಚಂದ್ರಲೋಕಕ್ಕೆ ರಾಕೆಟ್ ಹತ್ತಿಸಿದ್ದೀರಿ.

ಕೊನೆಗೆ ನಿಮ್ಮ ಜೊತೆಪತ್ರದ ವಿಷಯ. ನಿಮ್ಮ ಅಜ್ಜ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದರು, ಒತ್ತಕ್ಷರದ ಮನೆಗೆ ಅವರ ಕೈ ಕಣ್ಣಿಗಿಂತ ಮೊದಲೇ ಹೋಗುತ್ತಿತ್ತು ಎಂದು ಬರೆದಿದ್ದೀರಿ. ನಾಲ್ಕೇ ಸಾಲು. ಲೇಖನಕ್ಕಿಂತ ಅದೇ ಚೆನ್ನಾಗಿದೆ. ಯಾರಿಗೂ ಭಾಷಣ ಮಾಡುತ್ತಿಲ್ಲ ಅಂದುಕೊಂಡಾಗ ನೀವು ಒಳ್ಳೆಯ ಬರಹಗಾರರು. ಆ ಕೈಯಿಂದಲೇ ಶುರು ಮಾಡಿ, ಕಲ್ಲಿಗೆ ಹೋಗಿ. ಉಳಿದ 22 ಆವಿಷ್ಕಾರ ಬೇಡ.

900 ಪದ ಸಾಕು. ಅಜ್ಜ ಮನೆಗೆ ತಂದಿಟ್ಟಿದ್ದರು ಎಂದಿರಲ್ಲ, ಆ ಮೊಳೆಗಳು ಇನ್ನೂ ಇದ್ದರೆ ಒಂದು ಫೋಟೊ ತೆಗೆದು ಜೊತೆಗೆ ಕಳಿಸಿ.