ಬೂಟು ಮೊದಲು, ಬೈಂಡಿಂಗ್ ಆಮೇಲೆ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಸ್ಕೀ ಟೂರಿಂಗ್ ಬಗ್ಗೆ. ನಾಲ್ಕೂ ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆಯವೇ. ಬಂಡೆ, ಬಿಸಿಲು ನೋಡಿ ಬೆಳೆದವರು ಹಿಮ ಹತ್ತುವ ಮಾತಾಡುತ್ತಿದ್ದಾರೆ, ನನಗಂತೂ ತುಂಬಾ ಖುಷಿ. ಅದಕ್ಕೆ ಇವತ್ತಿನ ಪುಟ ಪೂರ್ತಿ ಅವರಿಗೇ. ಹೊಸಬರಿಗೆ ಒಂದು ಮಾತು: ಕೇಬಲ್ ಕಾರು, ಲಿಫ್ಟು ಹಿಡಿಯದೆ, ಸ್ಕೀ ಕಾಲಿಗೆ ಕಟ್ಟಿಕೊಂಡೇ ಬೆಟ್ಟ ಹತ್ತಿ ಆಮೇಲೆ ಜಾರಿ ಇಳಿಯುವುದೇ ಸ್ಕೀ ಟೂರಿಂಗ್. ಹತ್ತುವಾಗ ಹಿಮ್ಮಡಿ ಬಿಚ್ಚಿರಬೇಕು, ಇಳಿಯುವಾಗ ಬಿಗಿದಿರಬೇಕು. ಬೂಟು ಮತ್ತು ಸ್ಕೀ ನಡುವೆ ಕೂತು ಈ ಎರಡೂ ಕೆಲಸ ಮಾಡುವುದು ಬೈಂಡಿಂಗ್.

ಪ್ರಶ್ನೆ: ಗುಲ್ಮಾರ್ಗ್‌ನಲ್ಲಿ ಬೇಸಿಕ್, ಇಂಟರ್ಮೀಡಿಯೆಟ್ ಎರಡೂ ಕೋರ್ಸ್ ಮುಗಿಸಿದ್ದೇನೆ. ಬರುವ ಫೆಬ್ರವರಿಯಲ್ಲಿ ಟೂರಿಂಗ್ ಹೋಗುವ ಆಸೆ. ಪಿನ್ ಬೈಂಡಿಂಗ್ ತಗೊಳ್ಳಲಾ, ಫ್ರೇಮ್ ತಗೊಳ್ಳಲಾ, ಹೈಬ್ರಿಡ್ ತಗೊಳ್ಳಲಾ? ಸೆಕೆಂಡ್ ಹ್ಯಾಂಡ್ ಬೂಟು ಈಗಾಗಲೇ ಇದೆ. ನನ್ನ ತೂಕ 68 ಕೆಜಿ. ರಿಲೀಸ್ ನಂಬರ್ 10ಕ್ಕೆ ಇಡು ಅಂತ ಗೆಳೆಯ ಹೇಳುತ್ತಾನೆ, ಸರಿಯಾ?
— ಓದುಗರು, ಚಿತ್ರದುರ್ಗ

ಉತ್ತರ: ಬೈಂಡಿಂಗ್ ವಿಚಾರ ಆಮೇಲೆ. ಮೊದಲು ಆ ಬೂಟನ್ನು ಕೈಗೆ ತಗೊಂಡು ಬೆಳಕಿಗೆ ಹಿಡಿಯಿರಿ. ಮುಂದಿನ ತುದಿಯಲ್ಲಿ ಸೋಲ್‌ನ ಎಡಕ್ಕೊಂದು, ಬಲಕ್ಕೊಂದು, ಹೆಸರುಕಾಳು ಕೂರುವಷ್ಟು ಸಣ್ಣ ಗುಳಿ ಇದೆಯಾ? ಸುತ್ತ ಲೋಹ ಇರಬೇಕು. ಹಿಮ್ಮಡಿಯಲ್ಲೂ ಒಂದು ಲೋಹದ ತುಂಡು, ಅದರಲ್ಲಿ ಎರಡು ಸೀಳು ಇರಬೇಕು. ಇವಿದ್ದರೆ ಮಾತ್ರ ಪಿನ್ ಬೈಂಡಿಂಗ್ ಹಿಡಿಯುತ್ತದೆ. ಇಲ್ಲದಿದ್ದರೆ ನಿಮ್ಮದು ಬರೀ ಇಳಿಯುವ ಬೂಟು. ಎಷ್ಟೇ ಒಳ್ಳೆಯ ಪಿನ್ ಬೈಂಡಿಂಗ್ ತಂದರೂ ಕಚ್ಚಿಕೊಳ್ಳಲು ಜಾಗವೇ ಇಲ್ಲ. ಬಾಡಿಗೆಗೆ ಸಿಗುವ ಬಹಳಷ್ಟು ಬೂಟು ಈ ಬಗೆಯವು, ಸೆಕೆಂಡ್ ಹ್ಯಾಂಡ್‌ಗೆ ಬರುವುದೂ ಹೆಚ್ಚಾಗಿ ಅವೇ. ಹಾಗೇ ಹಿಮ್ಮಡಿ ಪಕ್ಕ 297 ಮಿ.ಮೀ. ಅಂತಲೋ 305 ಅಂತಲೋ ಬರೆದಿರುತ್ತದೆ, ಅದನ್ನು ಗುರುತು ಹಾಕಿಕೊಳ್ಳಿ. ಅದು ನಿಮ್ಮ ಕಾಲಿನ ಅಳತೆ ಅಲ್ಲ, ಸೋಲ್‌ನ ಉದ್ದ. ಬೈಂಡಿಂಗ್ ಕೂರಿಸಲು ಸ್ಕೀಗೆ ತೂತು ಕೊರೆಯುವುದು ಈ ಅಳತೆಗೆ. ನಾಳೆ ಬೂಟು ಬದಲಾಯಿಸಿದರೆ ಬೈಂಡಿಂಗ್ ಸ್ವಲ್ಪ ಹಿಂದೆ ಮುಂದೆ ಸರಿಯಬಹುದು, ಜಾಸ್ತಿ ಸರಿಯುವುದಿಲ್ಲ. ಅದಕ್ಕೇ ಬೂಟು ಮೊದಲು ಅನ್ನುತ್ತಿರುವುದು.

ಈಗ ಮೂರು ಬಗೆ ನೋಡೋಣ. ಫ್ರೇಮ್ ಬೈಂಡಿಂಗ್ ಅಂದರೆ ಮಾಮೂಲಿ ಇಳಿಯುವ ಬೈಂಡಿಂಗನ್ನೇ ಒಂದು ಚೌಕಟ್ಟಿನ ಮೇಲೆ ಕೂರಿಸಿದ್ದು. ಮಾಮೂಲಿ ಬೂಟು ಸಾಕು, ಬಿದ್ದಾಗ ಬಿಡಿಸಿಕೊಳ್ಳುವುದೂ ನಂಬಿಕಸ್ಥ. ತೂಕ ಮಾತ್ರ ಒಂದು ಜೊತೆಗೆ ಎರಡರಿಂದ ಎರಡೂವರೆ ಕೆಜಿ. ತೊಂದರೆ ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಪ್ರತಿ ಹೆಜ್ಜೆಗೂ ನಿಮ್ಮ ಹಿಮ್ಮಡಿ ಎದ್ದಾಗ ಆ ಚೌಕಟ್ಟೂ ಜೊತೆಗೇ ಏಳುತ್ತದೆ. ಪಾದಕ್ಕೆ ಎರಡು ಇಟ್ಟಿಗೆ ಕಟ್ಟಿಕೊಂಡು ಕೋಟೆ ಹತ್ತಿ ನೋಡಿ, ಏಳು ಸುತ್ತಿನ ಮೂರನೇ ಸುತ್ತಿಗೇ ತೊಡೆ ಮಾತಾಡುತ್ತದೆ. ಪಿನ್ ಬೈಂಡಿಂಗ್‌ನಲ್ಲಿ ಏಳುವುದು ಬೂಟಿನ ಹಿಮ್ಮಡಿ ಮಾತ್ರ, ಬೈಂಡಿಂಗ್ ಸ್ಕೀ ಮೇಲೇ ಉಳಿಯುತ್ತದೆ. ಒಂದೊಂದರ ತೂಕ ಸಾಮಾನ್ಯವಾಗಿ 300ರಿಂದ 600 ಗ್ರಾಂ. 1980ರ ದಶಕದಲ್ಲಿ ಆಸ್ಟ್ರಿಯಾದ ಫ್ರಿಟ್ಜ್ ಬಾರ್ಥೆಲ್ ಅನ್ನುವವರು ಭಾರದ ಸಾಮಾನು ಎಳೆದು ಬೇಸತ್ತು ಇದನ್ನು ಕಂಡುಹಿಡಿದರು. ಇವತ್ತಿಗೂ ಎಲ್ಲ ಪಿನ್ ಬೈಂಡಿಂಗ್‌ಗಳ ಬೇರು ಅದೇ. ಮುಂದೆ ಒಂದು ಇಕ್ಕಳ, ಅದರ ಎರಡು ತುದಿಯ ಮೊಳೆಗಳು ಬೂಟಿನ ಗುಳಿ ಹಿಡಿಯುತ್ತವೆ. ಹಿಂದೆ ಎರಡು ಪಿನ್. ಮುಗಿಯಿತು. ಇನ್ನು ಹೈಬ್ರಿಡ್. 2018ರಲ್ಲಿ ಸಲೋಮನ್, ಅಟಾಮಿಕ್‌ನವರು ತಂದ ಶಿಫ್ಟ್ ಈ ಬಗೆಯದು. ಹತ್ತುವಾಗ ಪಿನ್ ಥರ, ಇಳಿಯುವಾಗ ಮಾಮೂಲಿ ಬೈಂಡಿಂಗ್ ಥರ. ಒಳ್ಳೆಯ ಯೋಚನೆ, ಆದರೆ ಒಂದೊಂದು ಮುಕ್ಕಾಲು ಕೆಜಿಗೂ ಜಾಸ್ತಿ, ಮತ್ತೆ ಹತ್ತಲು ಬೂಟಿನಲ್ಲಿ ಗುಳಿ ಬೇಕೇ ಬೇಕು.

ನನ್ನ ಸಲಹೆ ನೇರವಾಗಿ ಹೇಳುತ್ತೇನೆ. ಗುಳಿ ಇದ್ದರೆ ಬ್ರೇಕ್ (ಕಾಲಿನಿಂದ ಬಿಟ್ಟ ಸ್ಕೀ ಜಾರಿ ಹೋಗದಂತೆ ಹಿಮಕ್ಕೆ ಕಚ್ಚುವ ಕಡ್ಡಿಗಳು) ಇರುವ, ಮಧ್ಯಮ ತೂಕದ ಪಿನ್ ಬೈಂಡಿಂಗ್ ತಗೊಳ್ಳಿ, ಐಎಸ್‌ಒ 13992 ಅನ್ನುವ ಟೂರಿಂಗ್ ಬೈಂಡಿಂಗ್ ಮಾನದಂಡಕ್ಕೆ ಪಾಸಾಗಿದೆಯಾ ಅಂತ ಕೇಳಿಯೇ ತಗೊಳ್ಳಿ. ರೇಸಿನವರ ತೀರಾ ಹಗುರದ್ದು ಬೇಡ. ಗುಳಿ ಇಲ್ಲದಿದ್ದರೆ ಈ ಫೆಬ್ರವರಿಗೆ ಏನೂ ಕೊಳ್ಳಬೇಡಿ. ಅಲ್ಲೇ ಬೂಟು, ಸ್ಕೀ, ಬೈಂಡಿಂಗ್ ಮೂರೂ ಒಟ್ಟಿಗೆ ಬಾಡಿಗೆಗೆ ತಗೊಂಡು ನಾಲ್ಕು ದಿನ ಹತ್ತಿ ನೋಡಿ. ಇರುವ ಬೂಟು ಉಳಿಸಲು ಫ್ರೇಮ್ ಬೈಂಡಿಂಗ್ ಕೊಳ್ಳುವುದು ದುಡ್ಡು ಉಳಿಸಿದ ಹಾಗೆ ಕಾಣುತ್ತದೆ, ಎರಡನೇ ವರ್ಷಕ್ಕೆ ಅದನ್ನೂ ಮಾರಬೇಕಾಗುತ್ತದೆ.

ಬ್ರೇಕಿನ ಅಗಲವನ್ನೂ ನೋಡಿ. ಸ್ಕೀಯ ನಡುವಿನ ಅಗಲಕ್ಕಿಂತ ಕಡಿಮೆ ಇರಬಾರದು, 15 ಮಿ.ಮೀ.ಗಿಂತ ಜಾಸ್ತಿ ಅಗಲವೂ ಬೇಡ. ನಡು 95 ಇದ್ದರೆ ಬ್ರೇಕ್ 95ರಿಂದ 110ರೊಳಗೆ.

ಆ 10ರ ವಿಚಾರ. ದಯವಿಟ್ಟು ಬೇಡ. ಬಿದ್ದಾಗ ಎಷ್ಟು ಬಲಕ್ಕೆ ಬೈಂಡಿಂಗ್ ಕಾಲನ್ನು ಬಿಡಬೇಕು ಅನ್ನುವ ಲೆಕ್ಕ ಅದು. ತೂಕ, ಎತ್ತರ, ವಯಸ್ಸು, ಸೋಲ್ ಉದ್ದ, ನಿಮ್ಮ ಸ್ಕೀಯಿಂಗ್ ಮಟ್ಟ, ಐದನ್ನೂ ಚಾರ್ಟಿನಲ್ಲಿ ನೋಡಿ ಇಡುತ್ತಾರೆ. 50 ದಾಟಿದವರಿಗೆ ಒಂದು ಮೆಟ್ಟಿಲು ಕಡಿಮೆ. ನಿಮ್ಮ ತೂಕಕ್ಕೆ, ಈಗ ತಾನೇ ಕಲಿತವರಿಗೆ 10 ತೀರಾ ಜಾಸ್ತಿ. ಸ್ಕೀ ಕಾಲು ಬಿಡದಿದ್ದರೆ ತಿರುಚುವುದು ಮೊಣಕಾಲು. ಇನ್ನೊಂದು ಮಾತು ಇದಕ್ಕಿಂತ ಮುಖ್ಯ: ಪಿನ್ ಬೈಂಡಿಂಗ್‌ನ ಮುಂದಿನ ಲಿವರ್ ಮೇಲಕ್ಕೆ ಎಳೆದರೆ ಇಕ್ಕಳ ಲಾಕ್ ಆಗುತ್ತದೆ. ಅದು ಹತ್ತಲು ಮಾತ್ರ. ಇಳಿಯುವಾಗ ಹಾಗೇ ಬಿಟ್ಟರೆ ಬಿದ್ದಾಗ ಬೈಂಡಿಂಗ್ ಕಾಲನ್ನು ಬಿಡುವುದನ್ನು ನಂಬಲಾಗದು.

ನನಗೇ ಆಗಿದ್ದು ಹೇಳುತ್ತೇನೆ. ಗುಲ್ಮಾರ್ಗ್‌ನಲ್ಲಿ ಬಾಡಿಗೆಗೆ ತಂದ ಪಿನ್ ಬೈಂಡಿಂಗ್, ಬ್ರೇಕ್ ಇರಲಿಲ್ಲ. ಮೇಲೆ ಹೋಗಿ, ಹತ್ತಲು ಸ್ಕೀಯ ಅಡಿಗೆ ಅಂಟಿಸಿದ್ದ ಸ್ಕಿನ್ ಪಟ್ಟಿ ಬಿಚ್ಚಿ, ಬೂಟು ಒತ್ತಿದೆ. ಟಕ್ ಅಂತ ಕೂತಿತು. ಎರಡನೇ ತಿರುವಿಗೇ ಎಡಗಾಲು ಖಾಲಿ. ಸ್ಕೀ ಒಂದೇ ಸಮ ಕೆಳಗಿನ ಮರಗಳ ಕಡೆ ಜಾರಿ ಹೋಯಿತು. ನಾನು ಸೊಂಟದ ಮಟ್ಟದ ಹಿಮದಲ್ಲಿ ಎರಡು ತಾಸು ನಡೆದೆ. ಆಗಿದ್ದೇನು ಅಂದರೆ, ಇಕ್ಕಳದ ಕೆಳಗೆ ಸ್ಪ್ರಿಂಗ್ ಇರುವ ಸಂದಿನಲ್ಲಿ ಹಿಮ ತುಳಿದು ತುಳಿದು ಗಟ್ಟಿ ಮಂಜುಗಡ್ಡೆಯಾಗಿತ್ತು. ಇಕ್ಕಳ ಪೂರ್ತಿ ಮುಚ್ಚಿರಲೇ ಇಲ್ಲ, ಮುಚ್ಚಿದ ಹಾಗೆ ಸದ್ದು ಮಾತ್ರ ಬಂದಿತ್ತು. ಈಗ ಜೇಬಿನಲ್ಲಿ ಒಂದು ಬಿದಿರಿನ ಕಡ್ಡಿ ಇಟ್ಟಿರುತ್ತೇನೆ. ಸಂದು ಕೆರೆದು, ಬೂಟಿನ ಗುಳಿ ಕೆರೆದು, ಮುಂಗಾಲು ಕೂರಿಸಿ, ಹಿಮ್ಮಡಿಯನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸಿ, ಆಮೇಲೆ ಹಿಮ್ಮಡಿ ಒತ್ತುತ್ತೇನೆ. ನೀವೂ ಮನೆಯಲ್ಲೇ ಚಾಪೆ ಹಾಸಿ ಇದನ್ನು ಐವತ್ತು ಸಲ ಮಾಡಿ, ಕಣ್ಣು ಮುಚ್ಚಿ ಮಾಡುವಷ್ಟು ರೂಢಿಯಾಗಲಿ.

ಪ್ರಶ್ನೆ: ಕ್ರಾಸ್ ಕಂಟ್ರಿ ಸ್ಕೀ ಬೈಂಡಿಂಗ್‌ನಲ್ಲೂ ಹಿಮ್ಮಡಿ ಏಳುತ್ತದೆ ಅಲ್ವಾ? ಅದನ್ನೇ ಟೂರಿಂಗ್‌ಗೆ ಬಳಸಬಹುದಾ?
— ಓದುಗರು, ಹರಿಹರ

ಉತ್ತರ: ಬೇಡ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಭಾರತದ ಪರ ಸ್ಪರ್ಧಿಸುವುದು ಕ್ರಾಸ್ ಕಂಟ್ರಿಯಲ್ಲಿ. ಅದರಲ್ಲಿ ಹಿಮ್ಮಡಿ ಯಾವಾಗಲೂ ಬಿಚ್ಚಿಯೇ ಇರುತ್ತದೆ, ಬೂಟೂ ಮೆತ್ತಗೆ. ಸಿದ್ಧ ಮಾಡಿದ ಹಾದಿಯಲ್ಲಿ ಓಡಲು ಅದು ಸರಿ. ಕಡಿದಾದ ಇಳಿಜಾರಿನಲ್ಲಿ ಹಿಮ್ಮಡಿ ಬಿಗಿದು ನಿಲ್ಲದಿದ್ದರೆ ಸ್ಕೀ ನಿಮ್ಮ ಮಾತು ಕೇಳುವುದಿಲ್ಲ.

ಪ್ರಶ್ನೆ: ಮಗಳು ಜನವರಿಯಲ್ಲಿ ಗೆಳತಿಯರ ಜೊತೆ ಗುಲ್ಮಾರ್ಗ್‌ಗೆ ಟೂರಿಂಗ್ ಹೋಗುತ್ತಾಳಂತೆ. ಬೈಂಡಿಂಗ್‌ಗೇ ಸಿಕ್ಕಾಪಟ್ಟೆ ಖರ್ಚಾಗಿದೆ. ಇನ್ನೂ ಟ್ರಾನ್ಸೀವರ್, ಸಲಿಕೆ ಅಂತ ಪಟ್ಟಿ ಕೊಟ್ಟಿದ್ದಾಳೆ. ಅವೆಲ್ಲ ನಿಜವಾಗಿ ಬೇಕಾ?
— ತಾಯಿ, ಚಿತ್ರದುರ್ಗ

ಉತ್ತರ: ಬೇಕಮ್ಮ. ಪಟ್ಟಿ ಕೊಟ್ಟಿದ್ದಾಳೆ ಅಂದರೆ ನಿಮ್ಮ ಮಗಳು ತಿಳಿದವಳು. ಬೈಂಡಿಂಗ್‌ನಲ್ಲಿ ಒಂದು ಮೆಟ್ಟಿಲು ಕೆಳಗಿನದನ್ನು ಕೊಂಡರೂ ನಡೆಯುತ್ತದೆ, ಇದರಲ್ಲಿ ಬೇಡ. 2023ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನ ಅಫರ್ವತ್ ಬೆಟ್ಟದಲ್ಲಿ ಹಿಮ ಕುಸಿದು ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ತೀರಿಹೋದರು. ಹಿಮದಡಿ ಸಿಕ್ಕವರನ್ನು ಉಳಿಸುವುದು ಮೊದಲ ಹತ್ತು ಹದಿನೈದು ನಿಮಿಷ. ಅಷ್ಟರಲ್ಲಿ ಊರಿಂದ ಯಾರೂ ಬರಲಾರರು. ಅಗೆದು ತೆಗೆಯಬೇಕಾದವರು ಪಕ್ಕದಲ್ಲಿರುವ ಗೆಳತಿಯರೇ.

ಮೂರು ಸಾಮಾನು ಒಂದಕ್ಕೊಂದು ಜೋಡಿ. ಟ್ರಾನ್ಸೀವರ್ ಮೈಮೇಲೆ ಕಟ್ಟಿಕೊಳ್ಳುವ ಪುಟ್ಟ ಪೆಟ್ಟಿಗೆ, 457 ಕಿಲೋಹರ್ಟ್ಸ್‌ನಲ್ಲಿ ಸದಾ ಸಿಗ್ನಲ್ ಕಳಿಸುತ್ತಿರುತ್ತದೆ. ಉಳಿದವರು ತಮ್ಮದನ್ನು ಹುಡುಕುವ ಕಡೆಗೆ ತಿರುಗಿಸಿದರೆ ಹೂತವರ ಹತ್ತಿರಕ್ಕೆ ಕರೆದೊಯ್ಯುತ್ತದೆ. ಮೂರು ಆಂಟೆನಾ ಇರುವುದನ್ನೇ ಕೊಡಿಸಿ. ಪ್ರೋಬ್ ಅಂದರೆ ಮಡಚುವ ಉದ್ದ ಕೋಲು, 240 ಸೆಂ.ಮೀ.ಗೆ ಕಡಿಮೆ ಬೇಡ, ಚುಚ್ಚಿ ನೋಡಿ ಸರಿಯಾದ ಜಾಗ ಹಿಡಿಯಲು. ಆಮೇಲೆ ಸಲಿಕೆ, ಲೋಹದ್ದೇ ಆಗಬೇಕು. ಕುಸಿದು ನಿಂತ ಹಿಮ ಗಾರೆ ಗಟ್ಟಿಯಾದ ಹಾಗೆ ಇರುತ್ತದೆ, ಪ್ಲಾಸ್ಟಿಕ್ ಸಲಿಕೆ ಮುರಿಯುತ್ತದೆ, ಬರಿಗೈಯಿಂದ ಆಗುವ ಕೆಲಸವೇ ಅಲ್ಲ. ಮೊಬೈಲನ್ನು ಟ್ರಾನ್ಸೀವರ್‌ನಿಂದ ಒಂದು ಗೇಣಿಗಿಂತ ದೂರ ಇಡಲಿ, ಹುಡುಕುವಾಗ ಇನ್ನೂ ದೂರ. ಮತ್ತೆ ಗುಂಪಿನಲ್ಲಿ ಒಬ್ಬಳ ಬಳಿ ಇದ್ದರೆ ಸಾಲದು. ಪ್ರತಿಯೊಬ್ಬಳ ಬಳಿಯೂ ಮೂರೂ ಇರಬೇಕು.

ಹೋಗುವ ಮೊದಲು ಬಳಸಲು ಕಲಿಯಬೇಕು. ಯಾವುದಾದರೂ ಮೈದಾನದಲ್ಲಿ ಒಂದು ಟ್ರಾನ್ಸೀವರನ್ನು ಚೀಲದಲ್ಲಿ ಸುತ್ತಿ ಮಣ್ಣಲ್ಲಿ ಹೂತಿಟ್ಟು, ಗೆಳತಿಯರು ಗಡಿಯಾರ ಹಿಡಿದು ಹುಡುಕಲಿ. ಹಿಮವೇ ಬೇಕು ಅಂತೇನಿಲ್ಲ. ಅಲ್ಲಿಗೆ ಹೋದ ಮೇಲೆ ಅಲ್ಲಿನ ಗೈಡ್ ಇಲ್ಲದೆ ಗೊಂಡೋಲಾ (ಅಲ್ಲಿನ ಕೇಬಲ್ ಕಾರು) ಗಡಿಯಾಚೆ ಹೋಗಬಾರದು. ಇದನ್ನು ನೀವೇ ಅವಳ ಹತ್ತಿರ ಮಾತು ತಗೊಳ್ಳಿ ಅಮ್ಮ.

ಪ್ರಶ್ನೆ: ಹೋದ ವರ್ಷ ಕೊಂಡ ಸ್ಕಿನ್‌ಗಳನ್ನು ಅಟ್ಟದ ಮೇಲೆ ಟ್ರಂಕಿನಲ್ಲಿ ಇಟ್ಟಿದ್ದೆ. ಈಗ ತೆಗೆದರೆ ಎರಡೂ ಮೈಗೆ ಮೈ ಅಂಟಿಕೊಂಡಿವೆ, ಎಳೆದರೆ ಗೋಂದು ದಾರದ ಹಾಗೆ ಬರುತ್ತಿದೆ. ಇವನ್ನು ಎಸೆಯಬೇಕಾ? ಸ್ಕೀ ಕ್ರ್ಯಾಂಪನ್ ಕೂಡ ಬೇಕಾ?
— ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಎಸೆಯಬೇಡಿ. ಸ್ಕಿನ್ ಅಂದರೆ ಸ್ಕೀಯ ಅಡಿಗೆ ಅಂಟಿಸುವ ಪಟ್ಟಿ. ದನದ ಮೈ ಸವರಿದ್ದೀರಲ್ಲ, ಕೂದಲಿನ ದಿಕ್ಕಿಗೆ ಕೈ ನುಣ್ಣಗೆ ಹೋಗುತ್ತದೆ, ತಿರುಗಿ ಸವರಿದರೆ ತಡೆಯುತ್ತದೆ. ಹಾಗೇ ಇದು. ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ಮೊಹೇರ್‌ದು ಚೆನ್ನಾಗಿ ಜಾರುತ್ತದೆ, ನೈಲಾನ್‌ದು ಚೆನ್ನಾಗಿ ಹಿಡಿಯುತ್ತದೆ, ಜಾಸ್ತಿ ಬಾಳುತ್ತದೆ. ಎರಡೂ ಬೆರೆಸಿದ್ದು ಹೊಸಬರಿಗೆ ಒಳ್ಳೆಯದು.

ಗೋಂದಿಗೆ ನಮ್ಮ ಏಪ್ರಿಲ್ ಶತ್ರು. ಶೀಟಿನ ಮನೆಯ ಅಟ್ಟ ಮಧ್ಯಾಹ್ನ ಒಲೆಯೇ ಅಲ್ವಾ? ಈಗ ಸ್ಕಿನ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ರಾತ್ರಿ ಫ್ರಿಜ್‌ನಲ್ಲಿಡಿ. ಗೋಂದು ಗಟ್ಟಿಯಾಗುತ್ತದೆ. ಬೆಳಗ್ಗೆ ಒಂದು ತುದಿಯಿಂದ ನಿಧಾನವಾಗಿ ಬಿಡಿಸಿ, ಜಗ್ಗಬೇಡಿ. ಗೋಂದು ಅಲ್ಲಲ್ಲಿ ಕಿತ್ತಿದ್ದರೆ ಹಳೆಯದನ್ನು ತೆಗೆದು ಹೊಸದು ಹಚ್ಚಬಹುದು, ಸ್ಕಿನ್ ಗೋಂದು ಟ್ಯೂಬಿನಲ್ಲಿ, ಹಾಳೆಯಲ್ಲಿ ಸಿಗುತ್ತದೆ. ಚಪ್ಪಲಿ ಅಂಟಿಸುವ ಗೋಂದು ಮಾತ್ರ ಬೇಡ, ಸ್ಕೀಯ ಅಡಿಗೆ ಮೆತ್ತಿಕೊಂಡು ಬಿಡುತ್ತದೆ. ಮುಂದೆ ಇಡುವಾಗ ಜೊತೆಗೆ ಬಂದ ಜಾಲರಿ ಬಟ್ಟೆಯನ್ನು ನಡುವೆ ಹಾಕಿ, ಪೂರ್ತಿ ಒಣಗಿಸಿ, ಮನೆಯ ತಣ್ಣನೆಯ ಕೋಣೆಯಲ್ಲಿ, ಕಪಾಟಿನ ಕೆಳಗಿನ ಅರೆಯಲ್ಲಿ ಇಡಿ. ಟ್ರಾನ್ಸೀವರ್ ಇದ್ದರೆ ಸೀಸನ್ ಮುಗಿದ ಕೂಡಲೇ ಸೆಲ್ ತೆಗೆದಿಡಿ, ಒಳಗೇ ಸೋರಿದರೆ ಪೆಟ್ಟಿಗೆ ಹಾಳು. ಬೂಟಿನ ಒಳಪದರ ಒಣಗಿಸಿ, ಬಕಲ್‌ಗಳನ್ನು ಸಡಿಲವಾಗಿ ಹಾಕಿಡಿ, ಆಕಾರ ಕೆಡುವುದಿಲ್ಲ.

ಕ್ರ್ಯಾಂಪನ್ ಅಂದರೆ ಬೂಟಿನ ಕೆಳಗೆ ಬೈಂಡಿಂಗ್‌ಗೆ ಸಿಕ್ಕಿಸುವ ಲೋಹದ ಹಲ್ಲುಗಳು, ಬೆಳಗಿನ ಗಟ್ಟಿ ಹಿಮಕ್ಕೆ. ಮಾರ್ಚ್ ನಂತರ ಹೋಗುವವರಾದರೆ ಬೇಕು. ಕೊಳ್ಳುವಾಗ ಎರಡು ವಿಷಯ ಹೇಳಿ: ನಿಮ್ಮ ಬೈಂಡಿಂಗ್ ಯಾವುದು, ಸ್ಕೀಯ ನಡು ಎಷ್ಟು ಅಗಲ. ಒಂದು ಕಂಪನಿಯದು ಇನ್ನೊಂದಕ್ಕೆ ಬಹಳ ಸಲ ಕೂರುವುದಿಲ್ಲ. ಮತ್ತೆ ಬ್ಯಾಗಿನಲ್ಲಿ ಪೊಜಿಡ್ರೈವ್ 3 ನಂಬರಿನ ಸ್ಕ್ರೂಡ್ರೈವರ್ ಇರಲಿ. ಬೈಂಡಿಂಗ್ ಸ್ಕ್ರೂ ನೋಡಲು ಮಾಮೂಲಿ ಸ್ಟಾರ್ ಸ್ಕ್ರೂ ಥರವೇ ಕಾಣುತ್ತದೆ, ಮಾಮೂಲಿ ಸ್ಕ್ರೂಡ್ರೈವರ್ ಹಾಕಿದರೆ ತಲೆ ಸವೆದು ಹೋಗುತ್ತದೆ. ಸಾಮಾನು ಕಟ್ಟಲು ಸೈಕಲ್ ಟ್ಯೂಬ್ ಕೊಯ್ದ ನಾಲ್ಕು ಪಟ್ಟಿ ಸಾಕು, ಅವು ನಮ್ಮ ಊರಿನ ಯಾವ ಪಂಕ್ಚರ್ ಅಂಗಡಿಯಲ್ಲಾದರೂ ಸಿಗುತ್ತವೆ.