ಹೊಸ ಸಸ್ಪೆನ್ಷನ್ ಬುಷ್ ಹಾಕಿದಾಗ ಕಾರು ಕೆಳಗಿಳಿಸಿದ ಮೇಲೇ ಬೋಲ್ಟ್ ಬಿಗಿ ಮಾಡಬೇಕು ಅಂತಾರೆ, ಯಾಕೆ?

ರಬ್ಬರ್ ಬುಷ್ ಆದರೆ ಹೌದು, ಕಾರಿನ ಭಾರ ಚಕ್ರಗಳ ಮೇಲೆ ಕೂತಿರುವಾಗಲೇ ಕೊನೆಯ ಬಿಗಿ ಕೊಡಬೇಕು. ಇಲ್ಲದಿದ್ದರೆ ಹೊಸ ಬುಷ್ ಬೇಗ ಹರಿದುಹೋಗುತ್ತದೆ.

ಬುಷ್ ಅಂದರೆ ಚಕ್ರವನ್ನು ಹಿಡಿದಿರುವ ಆರ್ಮ್ (ತೋಳು) ಕಾರಿನ ಚೌಕಟ್ಟಿಗೆ ಸೇರುವ ಕಡೆ ಕೂರುವ ಮೆತ್ತೆ. ರಬ್ಬರ್ ಬುಷ್‌ನಲ್ಲಿ ಒಳಗೊಂದು, ಹೊರಗೊಂದು ಲೋಹದ ಕೊಳವೆ ಇರುತ್ತದೆ. ನಡುವಿನ ರಬ್ಬರ್ ಸಾಮಾನ್ಯವಾಗಿ ಎರಡಕ್ಕೂ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿದರೆ ಒಳಗಿನ ಕೊಳವೆ ಅಲ್ಲಾಡದಂತೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಆರ್ಮ್ ಮೇಲೆ ಕೆಳಗೆ ಆಡಿದಾಗ ಏನೂ ಜಾರುವುದಿಲ್ಲ, ರಬ್ಬರೇ ತಿರುಚಿಕೊಳ್ಳುತ್ತದೆ. ಚಕ್ರ ನೇತಾಡುತ್ತಿರುವಾಗ ಬಿಗಿ ಮಾಡಿದಿರಿ ಅಂದುಕೊಳ್ಳಿ. ಕಾರು ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು, ಕಾರು ಸುಮ್ನೆ ನಿಂತಾಗಲೂ ಹಾಗೇ ಇರುತ್ತದೆ. ಗುಂಡಿ ಸಿಕ್ಕಾಗ ಇನ್ನಷ್ಟು. ಬಟ್ಟೆಯನ್ನು ಹಿಂಡಿದ ಹಾಗೇ ಇಟ್ಟಂತೆ ಅಲ್ವಾ?

ಹಳೇ ಕಾರಿಗೆ ಕೆಲವರು ಪಾಲಿಯುರೆಥೇನ್ (ಒಂದು ಬಗೆಯ ಪ್ಲಾಸ್ಟಿಕ್) ಬುಷ್ ಹಾಕಿಸುತ್ತಾರೆ. ಅದರ ಒಳಗಿನ ಕೊಳವೆಯನ್ನು ಸಾಮಾನ್ಯವಾಗಿ ಅಂಟಿಸಿರುವುದಿಲ್ಲ, ಅದು ತಿರುಗುತ್ತದೆ. ಹಾಗಾಗಿ ಈ ತೊಂದರೆ ಇಲ್ಲ. ಆದರೆ ತಯಾರಕರು ಹೇಳಿದ ಗ್ರೀಸ್ ಸರಿಯಾಗಿ ಹಚ್ಚದಿದ್ದರೆ ಕಿರ್ ಕಿರ್ ಅನ್ನಲು ಶುರುಮಾಡುತ್ತದೆ. ಗಡಸು ಜಾಸ್ತಿ, ರಸ್ತೆಯ ಅದುರು ಒಳಗೂ ಬರುತ್ತದೆ. ದಿನಾ ಓಡಿಸುವ ಕಾರಾದರೆ ನಾನು ರಬ್ಬರನ್ನೇ ಹಾಕುತ್ತೇನೆ.