ತಂಬೂರಿ ಹಿಡಿದಾಗ ಬಿಗಿಯುವ ಕುರ್ತಾ

ಅಕ್ಕಾರ, ಹಾಡು, ಕವಿತಾ ಆದಮ್ಯಾಲ ಈಗ ಹೊಲಿಗಿಗೂ ಕೈ ಹಾಕೀರಿ, ಭಾಳ ಛಲೋ ಆತು. ತಂಬೂರಿ ಹಿಡಿದು ಕುಂತಾಗ ನೀವೇ ಹೊಲಿದ ಕುರ್ತಾ ಕಂಕುಳಾಗ ಯಾಕ ಬಿಗೀತದ ಅಂತ ಕೇಳೀರಿ. ನಿಂತು ತಗೊಂಡ ಅಳತಿ ಇದಕ್ಕ ಸಾಲಂಗಿಲ್ಲರಿ. ಚಕ್ಕಳಮಕ್ಕಳ ಹಾಕಿ ಕುಂತು, ಉಸಿರು ತುಂಬಿಕೊಂಡು ಎದಿ ಸುತ್ತಳತಿ ತಗೋರಿ, ಅದಕ್ಕ 4 ಇಂಚು ಸಡಿಲು ಕೂಡಿಸ್ರಿ. ಕಂಕುಳಾಗ 3 ಇಂಚಿನ ಚೌಕ ತುಂಡು ಜೋಡಸ್ರಿ. ಬಿಗಿ ಆತಂತ ಕಂಕುಳ ಸುತ್ತು ಇನ್ನೂ ಕೆಳಗ ಕತ್ತರಸಬ್ಯಾಡ್ರಿ. ಹಂಗ ಮಾಡಿದ್ರ ಕೈ ಎತ್ತಿದಾಗ ಇಡೀ ಕುರ್ತಾನೇ ಮ್ಯಾಲ ಜಗ್ಗತದ.

ಕಲಬುರಗಿ ಬಿಸಿಲಿಗಿ ಹತ್ತಿ ಬಟ್ಟಿನೇ ಬೇಕು. ಕತ್ತರಸೂ ಮೊದಲ ನೀರಾಗ ನೆನಿಸಿ ಒಣಗಸ್ರಿ, ಇಲ್ಲಾಂದ್ರ ಮೊದಲ ಒಗ್ಯಾಣಕ್ಕ ಆ ಸಡಿಲೆಲ್ಲ ಹೋಗ್ತದ. ಬೀದರಿನ ಬಿದ್ರಿ ಗುಂಡಿ ಹಾಕೂದಿದ್ರ, ಅದು ಸತು-ತಾಮ್ರದ ಲೋಹ, ತೂಕಕ್ಕ ತೆಳು ಬಟ್ಟಿ ಜೋತು ಬೀಳ್ತದ. ಗುಂಡಿ ಪಟ್ಟಿ ಒಳಗ ಕ್ಯಾನ್ವಾಸ್ (ಬಿರುಸು ಒಳಬಟ್ಟಿ) ಕೊಡ್ರಿ, ಒಗಿಯೂ ಮೊದಲ ಗುಂಡಿ ಬಿಚ್ಚಿಡ್ರಿ.